ನಾಲ್ಕು ಬೆರಳು ಹೆಚ್ಚಾದ ಗೌನು

ಶಾಲೆಯನ್ನು ಅರ್ಧಕ್ಕೆ ಬಿಟ್ಟವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಒಬ್ಬಳು ನಾನು. ಬೀದಿಯವರು ನನ್ನನ್ನು ಕತ್ತರಿ ಅಕ್ಕ ಎನ್ನುತ್ತಾರೆ. ಟೈಲರ್ ಅಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ನನ್ನ ನಾಲಿಗೆ ನೋಡಿ ಇಟ್ಟ ಹೆಸರು ಎಂದು ಆಮೇಲೆ ಗೊತ್ತಾಯಿತು.

ಇದು ನನ್ನ ಹೊಟ್ಟೆಕಿಚ್ಚಿನ ಕಥೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ನಿಮ್ಮ ಮಹಿಳಾ ಸಂಘದಲ್ಲಿ ಯಾರಾದರೂ ಇದನ್ನು ಗಟ್ಟಿಯಾಗಿ ಓದುತ್ತಿದ್ದರೆ ಮಧ್ಯದಲ್ಲಿ ಎದ್ದು ಹೋಗಬೇಡಿ. ಎದ್ದು ಹೋಗಬೇಕು ಅನ್ನಿಸಿದವರಿಗೇ ಇದನ್ನು ಬರೆದಿರುವುದು.

ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಎರಡು ಹೊಲಿಗೆ ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಇಸ್ತ್ರಿ ಪೆಟ್ಟಿಗೆ, ಗೋಡೆಗೊಂದು ಉದ್ದ ಕನ್ನಡಿ. ಒಂದು ಮಿಷನ್ನಿಗೆ ಅಮ್ಮ, ಇನ್ನೊಂದಕ್ಕೆ ನಾನು. ಯೂನಿವರ್ಸಿಟಿಯಲ್ಲಿ ಪದವಿ ಕೊಡುವ ದಿನ ಹುಡುಗ ಹುಡುಗಿಯರು ಕಪ್ಪು ಗೌನು ಹಾಕಿಕೊಂಡು ವೇದಿಕೆ ಹತ್ತುತ್ತಾರಲ್ಲ, ಆ ಗೌನುಗಳ ಹೊಲಿಗೆ ಹನ್ನೊಂದು ವರ್ಷದಿಂದ ನಮ್ಮ ಅಂಗಡಿಗೆ ಬರುತ್ತಿದೆ.

ಅಂಗಡಿಯಲ್ಲಿ ಬಟ್ಟೆ ತೊಡಿಸಿ ನೋಡಲು ಬೊಂಬೆ ಇಲ್ಲ. "ಬೊಂಬೆ ಯಾಕೆ, ನೀನಿದ್ದೀಯಲ್ಲ" ಎನ್ನುತ್ತಿದ್ದಳು ಅಮ್ಮ. ಹಾಗಾಗಿ ಗೌನು ಹಾಕಿಕೊಂಡು ಟೇಬಲ್ ಹತ್ತಿ ನಿಲ್ಲುವವಳು ನಾನು, ಕೆಳಗೆ ಕೂತು ಅಂಚಿಗೆ ಗುಂಡುಸೂಜಿ ಚುಚ್ಚುವವಳು ಅಮ್ಮ. ಹೀಗೆ ಅದೆಷ್ಟು ಗೌನು ಹಾಕಿಕೊಂಡಿದ್ದೇನೋ! ಒಂದೊಂದನ್ನೂ ಎರಡೆರಡು ನಿಮಿಷ. "ಅಲ್ಲಾಡಬೇಡ" ಎಂದು ಅಮ್ಮ ಕೆಳಗಿನಿಂದ ಗದರುವಾಗ ನಾನು ಕನ್ನಡಿಯ ಕಡೆ ಕಳ್ಳನೋಟ ಹಾಕುತ್ತಿದ್ದೆ. ಆಮೇಲೆ ಬಿಚ್ಚಿ ಕೊಟ್ಟು ಕೆಳಗಿಳಿಯುತ್ತಿದ್ದೆ.

ನಾನು ಓದು ಬಿಟ್ಟದ್ದು ಹತ್ತನೇ ಕ್ಲಾಸಿನಲ್ಲಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ನನ್ನ ತಂಗಿ ಹುಟ್ಟಿದಳು. ನನಗೂ ಅವಳಿಗೂ ಹದಿನೈದು ವರ್ಷದ ಅಂತರ. ಹೆರಿಗೆ ಕಷ್ಟವಾಗಿ ಅಮ್ಮ ಹಾಸಿಗೆ ಹಿಡಿದಳು. ಅಪ್ಪ ಬಸ್ ಡ್ರೈವರ್, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅಂಗಡಿಯಲ್ಲಿ ಹೊಲಿಯಲು ಬಂದ ಬಟ್ಟೆ ಗುಡ್ಡೆ ಬಿದ್ದಿತ್ತು. "ಈ ಒಂದು ವರ್ಷ ಬಿಡು ಮಗಳೇ, ಮುಂದಿನ ವರ್ಷ ಬರೀವಂತೆ" ಎಂದಳು ಅಮ್ಮ. ನಾನು ಕೂಸನ್ನು ಎಡ ಸೊಂಟದ ಮೇಲೆ ಕೂರಿಸಿಕೊಂಡು ಬಲಗೈಯಲ್ಲಿ ಕತ್ತರಿ ಹಿಡಿದೆ. ಮೂರು ವರ್ಷ ಆ ಸೊಂಟದಿಂದ ಅವಳು ಇಳಿಯಲಿಲ್ಲ. ಅದರಿಂದಲೋ ಏನೋ, ನನ್ನ ಎಡಭುಜ ಇವತ್ತಿಗೂ ಬಲಕ್ಕಿಂತ ಅರ್ಧ ಬೆರಳು ಕೆಳಗಿದೆ. ನನ್ನ ಬಟ್ಟೆಗಳನ್ನು ಹಾಗೆಯೇ ಇಳಿಸಿ ಹೊಲಿದುಕೊಳ್ಳುತ್ತೇನೆ. ಆ ಮುಂದಿನ ವರ್ಷ ಮಾತ್ರ ಬರಲೇ ಇಲ್ಲ.

ತಂಗಿ ಚಿಕ್ಕ ಮೈಯವಳು. ಅವಳನ್ನು ನಾವೆಲ್ಲ ಗುಬ್ಬಿ ಎಂದೇ ಕರೆಯುವುದು. ಈ ವರ್ಷ ಗುಬ್ಬಿ ಡಿಗ್ರಿ ಮುಗಿಸಿದಳು. ನಮ್ಮ ಇಡೀ ಬಳಗದಲ್ಲೇ ಮೊದಲ ಡಿಗ್ರಿ.

ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ರಿಟೈರ್ ಆದ ಅಪ್ಪ ಬಸ್ ಡಿಪೋಗೆ ಹೋಗಿ ಹಳೆಯ ಜೊತೆಗಾರರಿಗೆಲ್ಲ ಹೇಳಿ ಬಂದ: "ನನ್ನ ಮಗಳು ಡಿಗ್ರಿ ಮುಗಿಸಿದ್ಳು." ಯಾವ ಮಗಳು ಎಂದು ಯಾರೂ ಕೇಳಲಿಲ್ಲವಂತೆ. ಅಪ್ಪನಿಗೆ ಒಬ್ಬಳೇ ಮಗಳು ಎಂದುಕೊಂಡಿರಬೇಕು. ಅಮ್ಮ ಗೋಡೆಗೆ ಹೊಸ ಬಣ್ಣ ಹೊಡೆಸಿ, ಡಿಗ್ರಿ ಫೋಟೋ ಹಾಕಲು ಕನ್ನಡಿಯ ಪಕ್ಕದಲ್ಲೇ ಮೊಳೆ ಹೊಡೆಸಿದಳು. ಎದುರು ಬೇಕರಿ ನಡೆಸುವ ಅತ್ತೆ ಅಂಗಡಿಗೇ ಬಂದು, "ಪದವಿ ಕೊಡೋ ದಿನದ ಕೇಕು ನಂದು. ನಮ್ಮ ಬೀದಿಗೇ ಹೆಸರು ತಂದ್ಳು ಕಣೇ ಹುಡುಗಿ!" ಎಂದಳು.

ನಾನು ಹಲ್ಲು ಬಿಟ್ಟು ನಕ್ಕೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಹೊಟ್ಟೆಕಿಚ್ಚು ಅಂದರೆ ಏನೆಂದು ನನ್ನನ್ನು ಕೇಳಿ. ಅವಳು ಬೆಳಿಗ್ಗೆ ಎದ್ದರೂ ಉರಿ, ಎದ್ದು ಹಾಡು ಗುನುಗಿದರೆ ಇನ್ನೂ ಉರಿ. ಅವಳ ಚಪ್ಪಲಿ ಬಾಗಿಲಲ್ಲಿ ಅಡ್ಡ ಬಿದ್ದಿದ್ದರೆ, "ನೋಡಿ, ಡಿಗ್ರಿ ಚಪ್ಪಲಿ, ದಾಟಿಕೊಂಡು ಹೋಗಿ" ಎನ್ನುತ್ತಿದ್ದೆ. ಟೀ ಲೋಟ ಅಲ್ಲೇ ಬಿಟ್ಟರೆ, "ಯೂನಿವರ್ಸಿಟೀಲಿ ಲೋಟ ತೊಳೆಯೋದು ಹೇಳಿಕೊಡಲ್ವಾ?" ಎನ್ನುತ್ತಿದ್ದೆ. ಪಾಪ, ಅವಳು ಮಾತಾಡದೆ ತೊಳೆದಿಡುತ್ತಿದ್ದಳು. ತಿರುಗಿ ಬೈದಿದ್ದರಾದರೂ ನನಗೆ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ಅಮ್ಮ ಹೇಳಿದಳು: "ಗುಬ್ಬಿಗೆ ಬಾಡಿಗೆ ಗೌನು ಬೇಡ. ಊರ ಮಕ್ಕಳಿಗೆಲ್ಲ ನಾವು ಹೊಲೀತೀವಿ, ನಮ್ಮನೆ ಹುಡುಗಿ ಬಾಡಿಗೇದು ಹಾಕ್ಕೊಳ್ಳೋದಾ? ನೀನೇ ಹೊಲಿ. ಅವಳ ಅಳತೆ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ."

"ಆಗಲಿ" ಎಂದೆ. ನನ್ನ ಪಾಲಿಗೆ ಅದೂ ಬಂತು.

ಆ ವಾರವೇ ಲೈಬ್ರರಿ ಮೇಡಂ ಅಂಗಡಿಗೆ ಬಂದರು. ನಮ್ಮ ಬೀದಿಯ ಕೊನೆಯಲ್ಲಿರುವ ಲೈಬ್ರರಿ ನೋಡಿಕೊಳ್ಳುವವರು ಅವರು. ಓದುವ ಕೋಣೆಯ ಪರದೆಗಳ ಅಂಚು ಹರಿದಿತ್ತು, ಹೊಲಿಸಲು ತಂದಿದ್ದರು. ನಾನು ಆರ್ಡರಿನ ಗೌನೊಂದನ್ನು ಹಾಕಿಕೊಂಡು ಟೇಬಲ್ ಮೇಲೆ ನಿಂತಿದ್ದೆ.

"ಎಷ್ಟು ಚೆನ್ನಾಗಿ ಒಪ್ಪುತ್ತೆ ಅಕ್ಕಾ ನಿಮಗೆ! ನೀವು ಯಾವ ವರ್ಷ ಮುಗಿಸಿದ್ದು?"

"ನಾನಾ? ಪ್ರತಿ ವರ್ಷ ಮುಗಿಸ್ತೀನಿ ಮೇಡಂ. ಇಳಿದ ತಕ್ಷಣ ವಾಪಸ್ ಕಿತ್ಕೋತಾರೆ."

"ಅಲ್ಲಾಡಬೇಡ" ಎಂದಳು ಅಮ್ಮ. ಕೊನೆಯ ಸೂಜಿ ಚುಚ್ಚಿ ಟೀ ತರಲು ಒಳಗೆ ಹೋದಳು. ಮೇಡಂ ದನಿ ತಗ್ಗಿಸಿ ಕೇಳಿದರು, "ಎಲ್ಲಿವರೆಗೆ ಓದಿದ್ದೀರಿ?"

"ಹತ್ತನೇ ಕ್ಲಾಸಿನ ಪರೀಕ್ಷೆ ಬಾಗಿಲವರೆಗೆ. ಒಳಗೆ ಹೋಗಲಿಲ್ಲ."

"ಈಗ ಹೋಗಬಹುದಲ್ಲ."

ನಾನು ಜೋರಾಗಿ ನಕ್ಕೆ. "ಮೂವತ್ತೇಳು ವರ್ಷದ ಹೆಂಗಸು ಮಕ್ಕಳ ಬೆಂಚಲ್ಲಿ ಕೂತ್ರೆ ಬೆಂಚೇ ನಗುತ್ತೆ ಬಿಡಿ."

"ಮಕ್ಕಳ ಜೊತೆ ಕೂರಬೇಕಾಗಿಲ್ಲ ಅಕ್ಕಾ. ದಿನಾ ಶಾಲೆಗೆ ಹೋಗಬೇಕಾಗೂ ಇಲ್ಲ. ಮನೇಲೇ ಓದಿಕೊಂಡು ನೇರವಾಗಿ ಪರೀಕ್ಷೆ ಕಟ್ಟಬಹುದು. ಓದು ಬಿಟ್ಟ ದೊಡ್ಡವರಿಗೆ ಅಂತಲೇ ಆ ವ್ಯವಸ್ಥೆ ಇರೋದು. ಕಳೆದ ಸಲ ನಮ್ಮ ಲೈಬ್ರರಿಯಿಂದ ಆರು ಜನ ಕಟ್ಟಿದ್ರು. ಒಬ್ಬರು ಅಜ್ಜಿ. ಪರೀಕ್ಷೆ ದಿನ ಕನ್ನಡಕ ಮರೆತು ಬಂದುಬಿಟ್ಟಿದ್ರು. ಮೊಮ್ಮಗಳು ಓಡಿ ಹೋಗಿ ತಂದುಕೊಟ್ಟಳು."

"ನನ್ನ ಹತ್ರ ಶಾಲೆದು ಒಂದು ಚೀಟಿಯೂ ಇಲ್ಲ."

"ನೀವು ಓದಿದ ಶಾಲೆ ಇದೆಯಲ್ಲ? ಅವರ ರಿಜಿಸ್ಟರಲ್ಲಿ ನಿಮ್ಮ ಹೆಸರು ಇರುತ್ತೆ. ಹೋಗಿ ಟಿ.ಸಿ. ಕೇಳಿ. ಅಕಸ್ಮಾತ್ ಸಿಗಲಿಲ್ಲ ಅಂದ್ರೆ ಬದಲಿಗೆ ಏನು ಕೊಡಬೇಕು ಅಂತ ಪರೀಕ್ಷೆ ಕಚೇರಿಯೋರೇ ಹೇಳ್ತಾರೆ."

"ಗಣಿತ ಯಾರು, ನಿಮ್ಮಪ್ಪ ಹೇಳಿಕೊಡ್ತಾರಾ?" ಎಂದುಬಿಟ್ಟೆ. ಕತ್ತರಿ ಅಕ್ಕ ಎಂದು ಸುಮ್ಮನೆ ಕರೆಯುವುದಿಲ್ಲ.

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮಪ್ಪನಿಗೆ ಗಣಿತ ಬರಲ್ಲ. ಸಂಜೆ ಲೈಬ್ರರೀಲಿ ಪಾಠ ನಡೆಯುತ್ತೆ, ಅಲ್ಲಿಗೆ ಬನ್ನಿ" ಎಂದರು.

"ಈ ವಯಸ್ಸಲ್ಲಿ ಓದಿ ನಾನು ಯಾವ ರಾಜ್ಯ ಆಳಬೇಕಾಗಿದೆ ಮೇಡಂ?"

"ರಾಜ್ಯ ಬೇಡ. ಆ ಗೌನು ಬಿಚ್ಚಿ ಕೊಡುವಾಗ ನಿಮ್ಮ ಮುಖ ಹ್ಯಾಗಾಗುತ್ತೆ ಅಂತ ಒಂದು ಸಲ ಕನ್ನಡೀಲಿ ನೋಡಿಕೊಳ್ಳಿ, ಸಾಕು."

ಹೋಗುವಾಗ ಅರ್ಜಿ ನಮೂನೆಯೊಂದನ್ನು ಟೇಬಲ್ ಮೇಲೆ ಇಟ್ಟು ಹೋದರು. ನನ್ನ ಮಿಷನ್ನಿನ ಒಂದು ಕಾಲು ಮೊದಲಿಂದಲೂ ಕುಂಟುತ್ತಿತ್ತು. ಅರ್ಜಿಯನ್ನು ಎಂಟು ಮಡಿಕೆ ಮಾಡಿ ಆ ಕಾಲಿನ ಕೆಳಗೆ ತುರುಕಿದೆ. ಮಿಷನ್ನು ಅಲ್ಲಾಡದೆ ನಿಂತಿತು.

ಗುಬ್ಬಿಯ ಗೌನನ್ನು ಅದೇ ಮಿಷನ್ನಿನಲ್ಲಿ ಹೊಲಿದೆ. ಅವಳು ಮೂರು ಸಲ ಬಂದು, "ಅಕ್ಕಾ, ಒಂದು ಸಲ ಹಾಕಿ ನೋಡ್ಲಾ?" ಎಂದಳು. ಮೊದಲ ಸಲ ತೋಳು ಕೂರಿಸಿಲ್ಲ ಎಂದೆ. ಎರಡನೇ ಸಲ ಗುಂಡಿ ಇಲ್ಲ ಎಂದೆ. ಮೂರನೇ ಸಲ, "ನನ್ನ ಕೈ ಮೇಲೆ ನಂಬಿಕೆ ಇಲ್ವಾ?" ಎಂದು ಮುಖ ಊದಿಸಿಕೊಂಡೆ. ನಿಜ ಹೇಳಬೇಕೆಂದರೆ, ಆ ಕನ್ನಡಿಯ ಮುಂದೆ ಅವಳು ಗೌನು ಹಾಕಿಕೊಂಡು ನಿಲ್ಲುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಒಂದು ದಿನವಾದರೂ ತಡವಾಗಲಿ ಎಂದು ಎಳೆಯುತ್ತಾ ಹೋದೆ.

ಪದವಿ ಕೊಡುವ ದಿನ ಬಂದೇ ಬಂತು. ಬೆಳಿಗ್ಗೆಯೇ ಮನೆ ತುಂಬ ಜನ. ಅಪ್ಪ ಹೊಸ ಶರ್ಟಿನಲ್ಲಿ ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದ. ಬೇಕರಿ ಅತ್ತೆಯ ಕೇಕು ನನ್ನ ಹೊಲಿಗೆ ಮಿಷನ್ನಿನ ಮೇಲೆ ಕೂತಿತ್ತು. ಹೊರಡಲು ಇನ್ನು ಮುಕ್ಕಾಲು ಗಂಟೆ ಇದೆ ಎನ್ನುವಾಗ ಗೌನಿಗೆ ಇಸ್ತ್ರಿ ಮಾಡಿ ಗುಬ್ಬಿಯ ಕೈಗೆ ಕೊಟ್ಟೆ.

ಅವಳು ಹಾಕಿಕೊಂಡಳು. ತೋಳುಗಳು ಬೆರಳ ತುದಿಯನ್ನೂ ದಾಟಿ ಜೋತುಬಿದ್ದವು. ಅಂಚು ನಾಲ್ಕು ಬೆರಳು ನೆಲದ ಮೇಲೆ ಬಿದ್ದಿತು. ಒಂದು ಹೆಜ್ಜೆ ಇಟ್ಟವಳು ಅದರ ಮೇಲೇ ಕಾಲಿಟ್ಟು ಮುಗ್ಗರಿಸಿದಳು.

ಎಲ್ಲರೂ ನಕ್ಕರು. "ಗುಬ್ಬಿ ಮೇಲೆ ಟಾರ್ಪಾಲು ಹೊದಿಸಿದ ಹಾಗಿದೆ" ಎಂದ ಅಪ್ಪ. ಅಮ್ಮ ನಗಲಿಲ್ಲ. ಹತ್ತಿರ ಬಂದು ಗೌನಿನ ಭುಜ ಹಿಡಿದು ನೋಡಿದಳು. ಬಲಭುಜ ನೋಡಿದಳು, ಎಡಭುಜ ನೋಡಿದಳು, ಟೇಪು ತೆಗೆದು ಅಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎಡಭುಜ ಅರ್ಧ ಬೆರಳು ಇಳಿಸಿದ್ದೀಯ. ಇದು ಆರ್ಡರಿನ ಅಳತೇನೂ ಅಲ್ಲ, ಗುಬ್ಬಿ ಅಳತೇನೂ ಅಲ್ಲ. ಇದು ನಿನ್ನ ಅಳತೆ."

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಅಳತೆ ಪುಸ್ತಕವನ್ನು ನಾನು ತೆರೆದೇ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ನೂಲಿನಷ್ಟೂ ತಪ್ಪದ ಕೈ, ತಂಗಿಯ ಗೌನನ್ನು ನನಗೇ ಹೊಲಿದುಬಿಟ್ಟಿತ್ತು. ಬೇಕೆಂದೇ ಮಾಡಿದೆನಾ? ಇವತ್ತಿಗೂ ಗೊತ್ತಿಲ್ಲ.

"ತಂಗಿ ಮೇಲೆ ಇಷ್ಟೊಂದು ಹೊಟ್ಟೆಕಿಚ್ಚಾ ನಿನಗೆ?" ಎಂದಳು ಬೇಕರಿ ಅತ್ತೆ. ಅವಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

"ಹೌದು, ಹೊಟ್ಟೆಕಿಚ್ಚೇ!" ಎಂದು ಕಿರುಚಿದೆ. "ಇಪ್ಪತ್ತೆರಡು ವರ್ಷದ ಹೊಟ್ಟೆಕಿಚ್ಚು. ಊರವರ ಗೌನೆಲ್ಲ ನನ್ನ ಮೈ ಮೇಲೆ ಹತ್ತಿ ಇಳೀತು. ಒಂದಾದ್ರೂ ನಂದಾಯ್ತಾ? ಒಂದು ವರ್ಷ ಬಿಡು ಅಂದ್ರಿ, ಬಿಟ್ಟೆ. ಆಮೇಲೆ ಯಾರಾದ್ರೂ ಒಬ್ಬರು ಕೇಳಿದ್ರಾ, ಯಾವಾಗ ಬರೀತೀಯ ಅಂತ?"

ಅಪ್ಪ ಸ್ಟೂಲಿನ ಮೇಲೆ ಕೂತ. "ನೀನೂ ಯಾವತ್ತೂ ಕೇಳಲಿಲ್ಲವಲ್ಲ ಮಗಳೇ. ಬೇಡವಾಗಿದೆ ಅಂದ್ಕೊಂಡೆ" ಎಂದ.

"ಕೇಳಿದ್ರೆ ಏನಂತಿದ್ದೆ?"

ಅಪ್ಪ ಸುಳ್ಳು ಹೇಳುವವನಲ್ಲ. "ಈ ವಯಸ್ಸಲ್ಲಿ ಯಾಕೆ ಅಂತಿದ್ದೆ" ಎಂದ.

ಅಮ್ಮ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತಾ, "ನಾನು ಮರೆತೇಬಿಟ್ಟೆ" ಎಂದಳು. "ಮೊದಲನೇ ವರ್ಷ ನೆನಪಿತ್ತು. ಎರಡನೇ ವರ್ಷಾನೂ ಇತ್ತು. ಆಮೇಲೆ ನೀನು ಟೈಲರ್ ಆಗಿಯೇ ಹುಟ್ಟಿದೀಯೇನೋ ಅನ್ನೋ ಹಾಗೆ ಆಗೋಯ್ತು." ಅವಳ ಕಣ್ಣು ತುಂಬಿತು. ನನಗೆ ಅದನ್ನು ನೋಡಿಯೂ ಸಿಟ್ಟು ಇಳಿಯಲಿಲ್ಲ.

ಗುಬ್ಬಿ ಮಾತ್ರ ಅಳಲಿಲ್ಲ. ತೋಳು ಮಡಚಿಕೊಂಡು, ಅಂಚು ಎತ್ತಿ ಹಿಡಿದು, ಕಟಿಂಗ್ ಟೇಬಲ್ ಹತ್ತಿ ನಿಂತಳು. "ಅಕ್ಕಾ, ಅರ್ಧ ಗಂಟೆ ಇದೆ. ಸೂಜಿ ಚುಚ್ಚು" ಎಂದಳು.

ಆ ಟೇಬಲ್ ಮೇಲೆ ನಾನಲ್ಲದೆ ಬೇರೆಯವರು ನಿಂತದ್ದು ಅದೇ ಮೊದಲು. ನಾನು ಕೆಳಗೆ ಕೂತೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಚತೊಡಗಿದೆ. ಮೇಲಿನಿಂದ ಅವಳು ಮೆಲ್ಲಗೆ ಕೇಳಿದಳು, "ನಾನು ಹುಟ್ಟದೇ ಇದ್ದಿದ್ರೆ ನೀನು ಆ ವರ್ಷ ಪರೀಕ್ಷೆ ಬರೀತಿದ್ದೆ ಅಲ್ವಾ?"

ಬಾಯಿ ತುಂಬ ಸೂಜಿ ಇದ್ದದ್ದು ಒಳ್ಳೆಯದಾಯಿತು. ಉತ್ತರ ಕೊಡಬೇಕಾಗಲಿಲ್ಲ. ಹೆಚ್ಚಾದ ಬಟ್ಟೆಯನ್ನು ಕತ್ತರಿಸಲು ಕತ್ತರಿ ಎತ್ತಿಕೊಂಡೆ.

"ಕತ್ತರಿಸಬೇಡ ಅಕ್ಕಾ."

ನಾನು ಸೂಜಿ ಉಗುಳಿ, "ಯಾಕೇ? ಮಡಿಕೆ ದಪ್ಪ ಆಗುತ್ತೆ" ಎಂದೆ.

"ದಪ್ಪ ಆಗಲಿ. ಅಂಚನ್ನೂ ತೋಳನ್ನೂ ಒಳಗೆ ಮಡಚಿ ಕಚ್ಚಾ ಹೊಲಿಗೆ ಹಾಕು. ಇವತ್ತು ನಾನು ಹಾಕ್ಕೋತೀನಿ. ನಾಳೆ ಹೊಲಿಗೆ ಬಿಚ್ಚಿದ್ರೆ ನಿನ್ನ ಅಳತೆಗೆ ಸರಿಯಾಗುತ್ತೆ. ನಿನ್ನ ಗೌನನ್ನ ನಾನು ಮೊದಲು ಹಾಕ್ಕೊಂಡೆ ಅಂತ ಆಗುತ್ತೆ, ಅಷ್ಟೇ."

ಕತ್ತರಿ ಕೆಳಗಿಟ್ಟೆ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಕಣ್ಣು ಮಂಜಾಗಿತ್ತು. ಅಮ್ಮ ಪಕ್ಕದಲ್ಲಿ ಬಂದು ಕೂತು ದಾರ ಪೋಣಿಸಿ ಕೊಟ್ಟಳು.

ಸಭಾಂಗಣದಲ್ಲಿ ಗುಬ್ಬಿಯ ಹೆಸರು ಕರೆದಾಗ ನಾನೂ ಚಪ್ಪಾಳೆ ಹೊಡೆದೆ. ಆಗಲೂ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅಂಗೈ ಕೆಂಪಾಗುವ ಹಾಗೆ ಹೊಡೆದೆ, ಹಾಗೆಯೇ ಉರಿದೆ. ಆದರೆ ಈ ಸಲ ಉರಿಯುವಾಗ ಒಂದು ಯೋಚನೆ ಬಂತು: ಇಷ್ಟು ಬೇಕು ಅನ್ನಿಸುವುದನ್ನು ಯಾಕೆ ಬೇಡ ಬೇಡ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ?

ಮಧ್ಯಾಹ್ನ ಮನೆಗೆ ಬಂದು, ಕೇಕು ಕತ್ತರಿಸುವ ಮೊದಲೇ ನೆಲಕ್ಕೆ ಬಗ್ಗಿ ಮಿಷನ್ನಿನ ಕಾಲಿನ ಕೆಳಗಿಂದ ಅರ್ಜಿ ಎಳೆದೆ. ಮಿಷನ್ನು ಮತ್ತೆ ಕುಂಟಿತು, ಅದರ ಮೇಲಿದ್ದ ಕೇಕು ವಾಲಿತು, ಬೇಕರಿ ಅತ್ತೆ "ಅಯ್ಯಯ್ಯೋ" ಎಂದು ಹಿಡಿದುಕೊಂಡಳು. ಅಪ್ಪ ಒಳಗೆ ಹೋದ. ಬೀರುವಿನಲ್ಲಿ ಜೋಪಾನ ಮಾಡಿದ್ದ ತನ್ನ ಹಳೆಯ ಡ್ಯೂಟಿ ಕಾರ್ಡು ತಂದು, ಮಡಚಿ ಆ ಕಾಲಿನ ಕೆಳಗಿಟ್ಟ. "ಇದು ಸಾಕು ಅದಕ್ಕೆ. ನೀನು ಅರ್ಜಿ ತುಂಬು" ಎಂದ.

ಮರುದಿನ ಅಮ್ಮನೇ ನನ್ನ ಜೊತೆ ಹಳೆಯ ಶಾಲೆಗೆ ಬಂದಳು. ಗುಮಾಸ್ತರು ಹಳೆಯ ರಿಜಿಸ್ಟರಿನ ಧೂಳು ಕೊಡವಿ ಹುಡುಕಿದರು. ನನ್ನ ಹೆಸರು ಇತ್ತು. ಅದರ ಮುಂದೆ "ಗೈರುಹಾಜರು" ಎಂದು ಬರೆದಿತ್ತು. ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು, "ಅವಳು ತಪ್ಪಿಸಿಕೊಂಡದ್ದಲ್ಲ ಸಾರ್, ನಾನು ನಿಲ್ಲಿಸಿಕೊಂಡಿದ್ದೆ" ಎಂದಳು. ಗುಮಾಸ್ತರು ಟಿ.ಸಿ. ಬರೆದುಕೊಟ್ಟರು.

ಓದು ಸಲೀಸಾಗಿರಲಿಲ್ಲ. ಲೈಬ್ರರಿಯ ಸಂಜೆ ಪಾಠದಲ್ಲಿ ಮೊದಲ ವಾರ ನನ್ನ ತಲೆಗೆ ಏನೂ ಹೋಗಲಿಲ್ಲ. ಮನೆಯಲ್ಲಿ ಗುಬ್ಬಿ ಹೇಳಿಕೊಡುತ್ತಿದ್ದಳು. "ಸುತ್ತಳತೆ ಅಂದ್ರೆ ಏನು ಅಂತ ನನ್ನ ಕೇಳ್ತೀಯಲ್ಲಾ ಅಕ್ಕಾ, ದಿನಾ ಟೇಪಲ್ಲಿ ನೀನು ತಗೊಳ್ಳೋದು ಏನು ಮತ್ತೆ?" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ಅವಳಿಗೆ ತಟ್ಟನೆ ಹೊಳೆಯುವುದು ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು, ಮತ್ತೆ ಹೊಟ್ಟೆ ಉರಿ. ಮೊದಲ ಸಲ ಗಣಿತದಲ್ಲಿ ಡುಮ್ಕಿ ಹೊಡೆದೆ. ಎರಡನೇ ಸಲ ದಾಟಿದೆ. ಅಪ್ಪ ಅವತ್ತೇ ಡಿಪೋಗೆ ಹೋಗಿ, "ನನ್ನ ದೊಡ್ಡ ಮಗಳು ಹತ್ತನೇ ಕ್ಲಾಸು ಪಾಸು" ಎಂದು ಬಂದ. ಯಾವ ಮಗಳು ಎಂದು ಕೇಳುವ ಅವಕಾಶವನ್ನೇ ಕೊಡಲಿಲ್ಲವಂತೆ.

ಮೊನ್ನೆ ಬೇಕರಿ ಅತ್ತೆ ಬಂದಿದ್ದಳು. ನನ್ನ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಿನಗೇನಮ್ಮ, ಮನೇಲೇ ಹೇಳಿಕೊಡೋರಿದ್ದಾರೆ. ಯಾರು ಬೇಕಾದ್ರೂ ಪಾಸಾಗ್ತಾರೆ" ಎಂದು ಮೂತಿ ತಿರುಗಿಸಿದಳು. ಬಾಗಿಲವರೆಗೆ ಹೋದವಳು ನಿಂತು, "ಏನೇ, ಏಳನೇ ಕ್ಲಾಸಿಗೇ ಬಿಟ್ಟೋರೂ ಕಟ್ಟಬಹುದಾ ಅದನ್ನ?" ಎಂದಳು. ಅವಳ ಮುಖದಲ್ಲಿದ್ದ ಉರಿ ನನಗೆ ಚೆನ್ನಾಗಿ ಪರಿಚಯ. ಕೈ ಹಿಡಿದು ಸೀದಾ ಲೈಬ್ರರಿ ಮೇಡಂ ಹತ್ತಿರ ಕರೆದುಕೊಂಡು ಹೋದೆ.

ಈಗ ನಿಮ್ಮ ವಿಷಯ. ಓದು ಬಿಟ್ಟು ಎಷ್ಟು ವರ್ಷವಾಯಿತು ಎಂದು ಎಣಿಸುತ್ತಾ ಕೂರಬೇಡಿ. ಹತ್ತಿರದ ಶಾಲೆಗೋ ಲೈಬ್ರರಿಗೋ ಹೋಗಿ, ದೊಡ್ಡವರು ಪರೀಕ್ಷೆ ಕಟ್ಟುವುದು ಹೇಗೆ ಎಂದು ಕೇಳಿ. ನಿಮ್ಮ ಹಳೆಯ ಶಾಲೆಯಲ್ಲಿ ಟಿ.ಸಿ. ಕೇಳಿ, ಅರ್ಜಿಯ ಕೊನೆಯ ದಿನ ಯಾವುದೆಂದು ಬರೆದುಕೊಳ್ಳಿ. ಪರೀಕ್ಷೆ ಬರೆಯದೆಯೇ ಸರ್ಟಿಫಿಕೇಟ್ ಕೊಡಿಸುತ್ತೇನೆ ಎನ್ನುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ನೀವು ಓದು ಮುಗಿಸಿದವರಾಗಿದ್ದರೆ ಮನೆಗೆ ಹೋಗಿ ಒಂದು ಸಲ ಕೇಳಿ: ನಮ್ಮನೆಯಲ್ಲಿ ಯಾರಿಗಾದರೂ "ಮುಂದಿನ ವರ್ಷ" ಎಂದು ಹೇಳಿ ಮರೆತಿದ್ದೇವೆಯೇ?

ನನ್ನ ಕಥೆ ಕೇಳಿ ನಿಮಗೂ ಸ್ವಲ್ಪ ಹೊಟ್ಟೆ ಉರಿಯಿತೇ? ಉರಿಯಲಿ ಬಿಡಿ, ಅದನ್ನು ಇಟ್ಟುಕೊಂಡೇ ಲೈಬ್ರರಿಗೆ ಹೋಗಿ. ನಾನು ಹಾಗೆಯೇ ಹೋದವಳು. ಡಿಗ್ರಿಗೆ ನನಗಿನ್ನೂ ಐದಾರು ವರ್ಷ ಬೇಕು. ಗೌನು ಕನ್ನಡಿಯ ಪಕ್ಕ, ಗುಬ್ಬಿಯ ಡಿಗ್ರಿ ಫೋಟೋ ಹತ್ತಿರ ಇನ್ನೊಂದು ಮೊಳೆಗೆ ನೇತುಬಿದ್ದಿದೆ. ಒಳಗೆ ಮಡಚಿದ ನಾಲ್ಕು ಬೆರಳು ಬಟ್ಟೆಯನ್ನು ಯಾರೂ ಕತ್ತರಿಸಿಲ್ಲ.